ಪಿಸ್ಟನ್ ಕಚ್ಚಿದ ಕಾರಣ

ತಮ್ಮನ ನಾಲ್ಕು ಚಕ್ರದ ಬೈಕಿಗೆ ಪೆಟ್ರೋಲಿನಲ್ಲಿ ಎಣ್ಣೆ ಕಲಸಿಕೊಡುವ ಕೆಲಸ ನನ್ನದಾಗಿತ್ತು. ಅವನು ಒಪ್ಪಿಸಿದ್ದಲ್ಲ, ನಾನೇ ಹಟ ಮಾಡಿ ತೆಗೆದುಕೊಂಡದ್ದು. ಎಟಿವಿ ಎನ್ನುತ್ತಾರೆ ಅದಕ್ಕೆ. ದಪ್ಪ ಟಯರು, ಬೈಕಿನಂಥ ಹ್ಯಾಂಡಲ್ಲು, ಸವಾರನ ಹಿಂದೆ ಒಬ್ಬರು ಕೂರುವಷ್ಟು ಸೀಟು. ರಸ್ತೆಯ ಮೇಲೆ ಓಡಿಸುವಂತಿಲ್ಲ, ಎಲ್ಲಿಗೆ ಹೋಗಬೇಕಾದರೂ ಟೆಂಪೋಕ್ಕೆ ಹತ್ತಿಸಿಯೇ ಒಯ್ಯಬೇಕು. ಗೋವೆಯ ಬೀಚಿನಲ್ಲಿ ಓಡಿ ಹಳತಾಗಿದ್ದನ್ನು ತಮ್ಮ ತಂದಿದ್ದ. ರಾಮನಗುಳಿಯ ಹತ್ತಿರ ಪ್ರವಾಸಿಗರನ್ನು ಉಳಿಸಿಕೊಳ್ಳುವ ಒಂದು ಮನೆಯಿದೆ. ಅದರ ಯಜಮಾನರ ಜಾಗದೊಳಗೇ ಹಿಂದೆ ಮರ ಸಾಗಿಸುತ್ತಿದ್ದ ಹಾದಿಯೊಂದು ಗುಡ್ಡ ಹತ್ತಿ, ಗಂಗಾವಳಿ ಹೊಳೆ ಕಾಣುವ ಬಂಡೆಯವರೆಗೆ ಹೋಗುತ್ತದೆ. ಶನಿವಾರ, ಭಾನುವಾರ ತಮ್ಮ ಅಲ್ಲಿಗೆ ಹೋಗಿ, ಬಂದವರನ್ನು ಒಬ್ಬೊಬ್ಬರಾಗಿ ಆ ಬಂಡೆ ಹತ್ತಿಸಿ ಇಳಿಸುತ್ತಿದ್ದ. ಅದಕ್ಕಾಗಿ ಬಿಣಗಾದಲ್ಲಿ ಗುತ್ತಿಗೆದಾರನೊಬ್ಬನ ಕೈಕೆಳಗೆ ಮಾಡುತ್ತಿದ್ದ ಕೆಲಸ ಬಿಟ್ಟಿದ್ದ. ಆ ಕೆಲಸ ಬಿಟ್ಟ ಮೇಲೆ ಅವನು ಮನೆಯಲ್ಲಿ ಶಿಳ್ಳೆ ಹಾಕುವುದನ್ನು ನಾನು ಮೊದಲ ಸಲ ಕೇಳಿದ್ದು.

ಅದರ ಇಂಜಿನ್ನು ಟೂ ಸ್ಟ್ರೋಕ್. ಈ ಜಾತಿಯ ಇಂಜಿನ್ನಿಗೆ ಎಣ್ಣೆ ಸುರಿಯಲು ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲೇ ಕಲಸಿ ಕೊಡಬೇಕು. ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನಿಗೆ ಜಾರಲು ಬೇಕಾದ ಪಸೆ ಅದರಿಂದಲೇ ಸಿಗಬೇಕು. ಪಸೆ ಇಲ್ಲದಿದ್ದರೆ ಪಿಸ್ಟನ್ ಕಾಯ್ದು, ತಾನು ಓಡುವ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾವು ಅರ್ಗಾದಲ್ಲಿದ್ದಾಗ ಅಪ್ಪನ ದೋಣಿಗೆ ಅಂಥದೇ ಇಂಜಿನ್ನಿತ್ತು. ಸೀಮೆಎಣ್ಣೆಯಲ್ಲಿ ಎಣ್ಣೆ ಕಲಸಿ, ಕ್ಯಾನನ್ನು ತಲೆಯ ಮೇಲಿಟ್ಟುಕೊಂಡು ದಂಡೆಗೆ ಒಯ್ಯುತ್ತಿದ್ದವಳು ನಾನು. ಕಲಸಿದ ಕ್ಯಾನಿನ ಹಿಡಿಕೆಗೆ ಹಳೆ ಸೀರೆಯ ಚೂರು ಕಟ್ಟುವುದು ನಮ್ಮ ಮನೆಯ ರೂಢಿ. ಬಟ್ಟೆ ಇದ್ದರೆ ಎಣ್ಣೆ ಇದೆ, ಇಲ್ಲದಿದ್ದರೆ ಇಲ್ಲ. ನೋಡಿದವರು ಕೇಳಬೇಕಾದ್ದಿರಲಿಲ್ಲ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಓದು ಬರಹದಲ್ಲಿ ತಮ್ಮನ ಮುಂದೆ ಯಾವತ್ತೂ ಕಡಿಮೆ. ಇದೊಂದರಲ್ಲಿ ಮಾತ್ರ ಅವನಿಗಿಂತ ಮೇಲು ಎಂಬ ಜಂಬವಿತ್ತು. ನೌಕಾನೆಲೆಗೆ ಜಾಗ ಹೋಗಿ ಅಂಕೋಲಾ ಕಡೆ ಬಂದು ನೆಲೆಸಿದ ಮೇಲೆ ದೋಣಿ ಹೋಯಿತು, ಆಮೇಲೆ ಅಪ್ಪ ಅಮ್ಮನೂ ಹೋದರು. ಜಂಬ ಮಾತ್ರ ಹೋಗಲಿಲ್ಲ.

“ಅಳತೆ ನೋಡಿ ಹಾಕೆ ಅಕ್ಕಾ, ಇದು ಅಪ್ಪನ ದೋಣಿ ಅಲ್ಲ,” ಎನ್ನುತ್ತಿದ್ದ ತಮ್ಮ.

“ಹೋಗೋ, ನೀ ತೊಟ್ಲಲ್ಲಿರುವಾಗಿಂದ ನಾ ಎಣ್ಣೆ ಕಲಸ್ತೆ.”

“ಅದ್ಕೇ ಆಗಬೇಕು, ನಂಗೆ ಕುಡಿಯೂ ಹಾಲೆಲ್ಲಾ ಸೀಮೆಎಣ್ಣೆ ನಾತ ಬರ್ತಿತ್ತು.”

ಆ ಶನಿವಾರ ಬೆಳಿಗ್ಗೆ ಅವನು ಟೆಂಪೋದವನ ಜೊತೆ ಗಾಡಿ ಹತ್ತಿಸುತ್ತಿದ್ದ. ನಾನು ಜಗಲಿಯಲ್ಲಿ ಪೆಟ್ರೋಲಿನ ಕ್ಯಾನ್ ಇಟ್ಟುಕೊಂಡು ಕೂತಿದ್ದೆ. ಕೈಗೆ ಮೊದಲು ಬಟ್ಟೆ ಸಿಕ್ಕಿತು. ಕಲಸಿದ ಮೇಲೆ ಕಟ್ಟಬೇಕಾದ್ದನ್ನು ಮೊದಲೇ ಕಟ್ಟಿಬಿಟ್ಟೆ, ಹೇಗೂ ಈಗ ಎಣ್ಣೆ ಹಾಕುತ್ತೇನಲ್ಲ ಎಂದು. ಅಷ್ಟರಲ್ಲಿ ಮೀನಿನವಳು ಬೇಲಿಯ ಹೊರಗೆ ನಿಂತು ಕೂಗಿದಳು. ಬಂಗಡೆ ತಾಜಾ ಇತ್ತು. ಚೌಕಾಸಿ ಮಾಡಿ, ಮೀನು ಒಳಗಿಟ್ಟು, ಬೆಕ್ಕಿಗೆ ಸಿಕ್ಕದ ಹಾಗೆ ಮುಚ್ಚಿ, ಕೈ ತೊಳೆದು ಬಂದೆ. ಕ್ಯಾನಿಗೆ ಬಟ್ಟೆ ಇತ್ತು. ಎತ್ತಿ ಟೆಂಪೋಕ್ಕೆ ಕೊಟ್ಟೆ.

ಟೆಂಪೋ ಅಂಗಳ ಬಿಟ್ಟು ತಿರುವಿನ ಹತ್ತಿರ ಹೋಗುತ್ತಿರುವಾಗ ಜಗಲಿಯ ಮೂಲೆಯಲ್ಲಿ ಎಣ್ಣೆಯ ಬಾಟಲಿ ಕಂಡಿತು. ಹೊಸ ಬಾಟಲಿ. ಮುಚ್ಚಳದ ಸೀಲು ಒಡೆದಿರಲಿಲ್ಲ.

ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ದೋಣಿಯ ಮನೆಗಳಲ್ಲಿ ಅದನ್ನು ಹೇಳಬೇಕಾದ್ದೂ ಇಲ್ಲ. ಅಪ್ಪ ಒಮ್ಮೆ ಊಟದ ಡಬ್ಬಿ ಬಿಟ್ಟು ಹೋದಾಗ ಅಮ್ಮ ಬಾಯಿಯ ಮೇಲೆ ಸೆರಗಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಇಡೀ ದಿನ ಅವನು ಹಸಿದಿರುತ್ತಾನೆಂದು ಗೊತ್ತಿದ್ದೂ ಕರೆಯಲಿಲ್ಲ. ನನ್ನ ಬಾಯಿಯೂ ಹಾಗೆಯೇ ಕಟ್ಟಿಕೊಂಡಿತು. ಆದರೆ ಇದು ಅರ್ಧ ಸತ್ಯ. ಕೈಯಲ್ಲಿ ಫೋನಿತ್ತು. ಅವರು ಅಂಕೋಲಾ ದಾಟುವವರೆಗೂ ಸಿಗ್ನಲ್ ಇರುತ್ತದೆ. ಫೋನ್ ಮಾಡಿದರೂ ಹಿಂದಿನಿಂದ ಕರೆದ ಹಾಗೆಯೇ ಎಂದುಕೊಂಡೆ. ಟ್ಯಾಂಕಿನಲ್ಲಿ ಹಳೆಯ, ಕಲಸಿದ ಪೆಟ್ರೋಲು ಅರ್ಧದಷ್ಟು ಇದೆಯಲ್ಲ, ನಡೆಯುತ್ತದೆ ಎಂದುಕೊಂಡೆ. “ತೊಟ್ಲಲ್ಲಿರುವಾಗಿಂದ ಕಲಸ್ತೆ ಅಂದ್ಯಲ್ಲೇ?” ಎಂದು ಅವನು ಟೆಂಪೋದವನ ಎದುರು ನಗುವುದು ಕಿವಿಗೆ ಕೇಳಿಸಿದಂತಾಯಿತು. ಫೋನ್ ಒಳಗಿಟ್ಟು ಮೀನು ಕೊಯ್ಯಲು ಕೂತೆ.

ಮಧ್ಯಾಹ್ನದ ಮೊದಲೇ ರಾಮನಗುಳಿಯಿಂದ ಯಜಮಾನರ ಫೋನು ಬಂತು. ಏರಿನಲ್ಲಿ ಇಂಜಿನ್ ಒಮ್ಮೆಲೇ ಕಚ್ಚಿಕೊಂಡು ಹಿಂದಿನ ಚಕ್ರಗಳು ನಿಂತುಬಿಟ್ಟವಂತೆ. ಗಾಡಿ ಅಡ್ಡ ಜಾರಿ ಹಾದಿ ಬದಿಯ ಮಣ್ಣಿನ ದರೆಗೆ ಹೊಡೆದಿತ್ತು. ಹಿಂದೆ ಕೂತಿದ್ದ ಕಾಲೇಜಿನ ಹುಡುಗಿ ಬೀಳದಂತೆ ತಮ್ಮ ಕೈ ಅಡ್ಡ ಕೊಟ್ಟಿದ್ದ. ಹುಡುಗಿಗೆ ತರಚಿದ ಗಾಯ, ಇವನಿಗೆ ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಯಜಮಾನರು ತಮ್ಮ ಕಾರಿನಲ್ಲಿ ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಟೆಂಪೋದವನು ಗಾಡಿಯನ್ನೂ ಕ್ಯಾನನ್ನೂ ತಂದು ನಮ್ಮ ಅಂಗಳದಲ್ಲಿ ಇಳಿಸಿ, ಅವನೂ ಆಸ್ಪತ್ರೆಗೆ ಹೋದ.

ಅಂಗಳದಲ್ಲಿ ನಾನೊಬ್ಬಳೇ ಉಳಿದೆ. ಮರೆತದ್ದು ತಪ್ಪು, ಫೋನ್ ಮಾಡದ್ದು ಅದಕ್ಕಿಂತ ದೊಡ್ಡ ತಪ್ಪು. ಆಮೇಲೆ ಮಾಡಿದ್ದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಬಾಟಲಿಯ ಸೀಲು ಒಡೆದೆ. ಕ್ಯಾನಿನಲ್ಲಿ ಉಳಿದಿದ್ದ ಪೆಟ್ರೋಲಿಗೆ ಎಣ್ಣೆ ಸುರಿದು ಕುಲುಕಿದೆ. ಗಾಡಿಯ ಟ್ಯಾಂಕಿನ ಮುಚ್ಚಳ ತೆಗೆದು ಅದಕ್ಕೂ ಸುರಿದು, ಹ್ಯಾಂಡಲ್ ಹಿಡಿದು ಗಾಡಿಯನ್ನೇ ಅಲುಗಿಸಿದೆ. ಪೆಟ್ರೋಲು ಎಣ್ಣೆಯ ಹಸಿರು ಬಣ್ಣಕ್ಕೆ ತಿರುಗಿತು. ಕೈ ಸಾಬೂನಿನಲ್ಲಿ ತೊಳೆದು, ಸೀರೆ ಬದಲಿಸಿ, ಆಸ್ಪತ್ರೆಗೆ ಹೋಗುವ ಬಸ್ಸು ಹಿಡಿದೆ.

ಕಾರವಾರದ ಬಂದರಿನ ಹತ್ತಿರ ದೋಣಿಯ ಇಂಜಿನ್ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದಾರೆ, ಅಪ್ಪನ ಕಾಲದವರು. ಮಾತು ಜೋರು. ಕೊಂಕಣಿ ರೂಢಿಯಂತೆ ಹೆಂಗಸರನ್ನೆಲ್ಲ ‘ಬಾಯಿ’ ಎಂದೂ ಹುಡುಗರನ್ನು ‘ಪೋರಾ’ ಎಂದೂ ಕರೆಯುತ್ತಾರೆ. ಮಾತಿಗೊಮ್ಮೆ ಯಾರನ್ನಾದರೂ ಬೈಯದಿದ್ದರೆ ಅವರಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ತಮ್ಮನ ಕೈಗೆ ಪ್ಲಾಸ್ಟರ್ ಹಾಕಿದ ವಾರದಲ್ಲೇ ಸ್ಕೂಟರಿನ ಮೇಲೆ ಬಂದರು.

“ಮೊದ್ಲು ಪೆಟ್ರೋಲ್ ತೋರ್ಸು,” ಎಂದರು.

ಕ್ಯಾನಿನಿಂದ ಸ್ವಲ್ಪ ಅಂಗೈಗೆ ಹಾಕಿಕೊಂಡು, ಮೂಸಿ, ಎರಡು ಬೆರಳಲ್ಲಿ ತಿಕ್ಕಿ ನೋಡಿದರು.

“ಎಣ್ಣೆ ಅದೆ. ಬೇಕಾದ್ದಕ್ಕಿಂತ ಹೆಚ್ಚೇ ಅದೆ. ಬಾಯಿ, ನಿನ್ ಕೈ ದೊಡ್ಡದು!” ಎಂದು ನನ್ನ ಕಡೆ ನಕ್ಕು, ತಮ್ಮನಿಗೆ ಹೇಳಿದರು: “ಇವ್ಳು ಆ ಮನ್ಷಾನ ಮಗ್ಳು. ಇವ್ಳ ಕೈಲಿ ತಪ್ಪಾಗೂದಿಲ್ಲ. ಪೋರಾ, ಎಣ್ಣೆ ಇದ್ದೂ ಕಚ್ತು ಅಂದ್ರೆ ಇಂಜಿನ್ ಎಲ್ಲೋ ಸಂದಿಯಿಂದ ಹೊರಗಿನ ಗಾಳಿ ಎಳ್ದು ಕಾಯ್ತಾ ಅದೆ. ಇಲ್ಲಾ ನೀ ಏರಲ್ಲಿ ಕುಟ್ಟಿ ಕುಟ್ಟಿ ಸಾಯ್ಸಿದೆ.”

“ಕುಟ್ಲಿಲ್ಲ ಮಿಸ್ತ್ರಿಯವ್ರೆ. ಹಿಂದೆ ಹುಡುಗಿ ಕೂತಿತ್ತು, ಮೆತ್ತಗೇ ಹೋಗ್ತಿದ್ದೆ.”

“ಎಲ್ಲರೂ ಮೆತ್ತಗೇ ಹೋಗೂದು. ಮತ್ತೆ ನಂಗೆ ಕೆಲ್ಸ ಎಲ್ಲಿಂದ ಬರ್ತದೆ?”

ತಮಾಷೆಗೆ ಹೇಳಿದ ಮಾತು ಅದು. ತಮ್ಮ ಮಾತ್ರ ಅದನ್ನು ಬಿಡದೆ ಇಟ್ಟುಕೊಂಡ. ಊಟದ ನಡುವೆ ಎಡಗೈ ನಿಲ್ಲಿಸಿ, “ನಾ ಜೋರು ಮಾಡ್ದೆನಾ ಅಕ್ಕಾ?” ಎಂದು ಕೇಳುತ್ತಿದ್ದ. ಅಲ್ಲಿರದವಳು ನಾನು ಏನು ಹೇಳಲಿ ಎನ್ನುವಂತೆ ಅನ್ನ ಬಡಿಸುತ್ತಿದ್ದೆ.

ಬಿಚ್ಚುವ ಮೊದಲು ಗಾಳಿ ಹಾಕಿ ನೋಡು ಎಂದಿದ್ದರು ಮಿಸ್ತ್ರಿ. ಅಮ್ಮನಿಗೆಂದು ತಂದಿದ್ದ ಬಿಪಿ ನೋಡುವ ಯಂತ್ರ ಮನೆಯಲ್ಲಿತ್ತು. ತಮ್ಮ ಇಂಜಿನ್ನಿನ ಬಾಯಿಗಳನ್ನೆಲ್ಲ ರಬ್ಬರಿನಿಂದ ಮುಚ್ಚಿ, ಆ ಯಂತ್ರದ ಬುರುಡೆಯನ್ನು ಒತ್ತಿ ಒಳಗೆ ಗಾಳಿ ತುಂಬಿಸಿದ. ನಾನು ಸಾಬೂನು ನೀರನ್ನು ಜೋಡಣೆಗಳ ಮೇಲೆಲ್ಲ ಹಚ್ಚಿದೆ. ಎಲ್ಲಾದರೂ ಸೋರಿದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ. ಯಂತ್ರದ ಮುಳ್ಳು ನಿಂತಲ್ಲೇ ನಿಂತಿತ್ತು. ಬೇರೆಯವರಾದರೆ ಸಂತೋಷಪಡುತ್ತಿದ್ದರು. ತಮ್ಮನ ಮುಖ ಇಳಿಯಿತು.

“ಬಿಸಿಯಾದಾಗ ಮಾತ್ರ ಸೋರ್ತದೋ ಏನೋ,” ಎಂದ.

ಪ್ಲಾಸ್ಟರ್ ತೆಗೆದ ಮೇಲೆ ಇಂಜಿನ್ ಇಳಿಸಿ ಬಿಚ್ಚಿದ. ಹಿತ್ತಿಲ ಚಪ್ಪರದ ಕೆಳಗೆ ಹಗಲಲ್ಲೂ ಬೆಳಕು ಸಾಲದು. ನಾನು ಟಾರ್ಚ್ ಹಿಡಿದು ನಿಲ್ಲುತ್ತಿದ್ದೆ. ಪಿಸ್ಟನ್ ಹೊರಬಂದಾಗ ಅದರ ಸುತ್ತ ಬೆಕ್ಕು ಪರಚಿದಂತೆ ಗೀರುಗಳಿದ್ದವು. ತಮ್ಮ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ. ಸಿಲಿಂಡರನ್ನು ಹುಬ್ಬಳ್ಳಿಗೆ ಕಳಿಸಿ, ಒಳಗಿನ ಗೀರು ಹೋಗುವಷ್ಟು ಕೊರೆದು ಬೋರ್ ಮಾಡಿಸಿದ, ಅದಕ್ಕೆ ಸರಿಯಾಗಿ ಒಂದು ಅಳತೆ ದಪ್ಪದ ಪಿಸ್ಟನ್ ತರಿಸಿದ. ಬೇರಿಂಗು, ಸೀಲು, ಗ್ಯಾಸ್ಕೆಟ್ಟು ಯಾವುದನ್ನೂ ಹಳತು ಉಳಿಸಲಿಲ್ಲ. ಪಿಸ್ಟನ್ನಿನ ರಿಂಗನ್ನು ಸಿಲಿಂಡರಿನೊಳಗೆ ಕೂರಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ತೆಳು ತಗಡಿನಿಂದ ಅಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಕಾರ್ಬುರೇಟರನ್ನಂತೂ ಬಿಚ್ಚುವುದು, ತೊಳೆಯುವುದು, ಸೂಜಿಯಂಥ ತೂತುಗಳನ್ನು ಬೆಳಕಿಗೆ ಹಿಡಿದು ನೋಡುವುದು, ಜೋಡಿಸುವುದು, ಮರುದಿನ ಮತ್ತೆ ಬಿಚ್ಚುವುದು. ಕಸ ಸಿಕ್ಕಲಿಲ್ಲ. ಸಿಕ್ಕರೆ ಸಾಕು ಎಂದು ನಾನೂ ದೇವರಲ್ಲಿ ಕೇಳಿಕೊಂಡಿದ್ದೇನೆ. ಅವನಿಗೆ ಒಂದು ಸುಳ್ಳು ಕಾರಣವಾದರೂ ಸಿಗಲಿ ಎಂದು.

ಜೋಡಿಸಿ ಮುಗಿದ ದಿನ ಮಿಸ್ತ್ರಿಯೂ ಬಂದಿದ್ದರು. ಇಂಜಿನ್ ಒಂದೇ ಎಳೆತಕ್ಕೆ ಶುರುವಾಯಿತು. ನೀಲಿ ಹೊಗೆ ಚಪ್ಪರ ತುಂಬಿತು. ನನಗೆ ಅಪ್ಪನ ದೋಣಿಯ ನಾತ ಬಂತು. ತಮ್ಮ ಸ್ವಲ್ಪ ಹೊತ್ತು ಕೇಳಿ ಆಫ್ ಮಾಡಿದ.

“ಅರೇ ಬಾಬಾ, ನಗಾದ್ರೂ ನಗು! ಹೊಸದ್ರ ಹಾಗೆ ಓಡ್ತದೆ,” ಎಂದರು ಮಿಸ್ತ್ರಿ.

“ಓಡ್ತದೆ. ಹಿಂದೆನೂ ಓಡ್ತಿತ್ತಲ್ಲ,” ಎಂದ ತಮ್ಮ.

ಆಮೇಲೆ ಕೆಲವು ದಿನ ಖಾಲಿ ಗದ್ದೆಯಲ್ಲಿ ಓಡಿಸಿ ನೋಡಿದ. ಇಂಜಿನ್ ಚೆನ್ನಾಗಿಯೇ ಇತ್ತು. ಅವನು ಮಾತ್ರ ಕತ್ತು ಒಂದು ಬದಿಗೆ ವಾಲಿಸಿ, ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟೇ ಕೂತಿರುತ್ತಿದ್ದ, ಕಾಯಿಲೆಯ ಮಗುವಿನ ಉಸಿರು ಕೇಳುವವರ ಹಾಗೆ. ಎಲ್ಲಿ ಒಂದು ಚೂರು ಸದ್ದು ಬದಲಾದರೂ ಕ್ಲಚ್ ಹಿಡಿದುಬಿಡುತ್ತಿದ್ದ. ಒಂದು ದಿನ ಒಳಗೆ ಬಂದು, ಗೋವೆಯ ಕಡೆಯವನೊಬ್ಬ ಗಾಡಿ ಕೊಳ್ಳುತ್ತಾನೆ, ನಾಳೆ ಬರುತ್ತಾನೆ ಎಂದ. ಬಿಣಗಾದ ಗುತ್ತಿಗೆದಾರನ ಹತ್ತಿರವೂ ಮಾತಾಡಿದ್ದ.

“ಎಂತಕ್ಕೋ? ಸರಿ ಆಯ್ತಲ್ಲ,” ಎಂದೆ.

“ಎಂತದು ಸರಿ ಮಾಡ್ದೆ ಅಂತ ನಂಗೇ ಗೊತ್ತಿಲ್ಲ. ಕಾರಣ ಸಿಗದಿದ್ದ ಇಂಜಿನ್ ಮೇಲೆ ಮಂದಿ ಮಕ್ಕಳನ್ನ ಕೂರ್ಸೂಕೆ ನನ್ನಿಂದ ಆಗೂದಿಲ್ಲ. ಅಥ್ವಾ ಕಾರಣ ನಾನೇ ಆಗಿದ್ರೆ, ಮತ್ತೂ ಕೂರ್ಸೂಕಾಗ.”

ಮರುದಿನ ಬೆಳಿಗ್ಗೆ ಅವನು ಗಿರಾಕಿಗೆ ತೋರಿಸಲೆಂದು ಬಾವಿಯ ಹತ್ತಿರ ಗಾಡಿ ತೊಳೆಯುತ್ತಿದ್ದ. ಟಯರಿನ ಕಚ್ಚುಗಳಲ್ಲಿ ಕೂತಿದ್ದ ಮಣ್ಣನ್ನು ಕಡ್ಡಿಯಿಂದ ಎಬ್ಬಿಸುತ್ತಿದ್ದ. ಮಾರಿಬಿಡುವ ಗಾಡಿಯನ್ನು ಯಾರೂ ಅಷ್ಟು ಜತನದಿಂದ ತೊಳೆಯುವುದಿಲ್ಲ. ನಾನು ಪಾತ್ರೆ ತಿಕ್ಕುವುದನ್ನು ಬಿಟ್ಟು ಬೂದಿಯ ಕೈಯಲ್ಲೇ ಎದ್ದು ಹೋದೆ.

“ಎಣ್ಣೆ ಇರ್ಲಿಲ್ಲ,” ಎಂದೆ.

“ಎಲ್ಲಿ?”

“ಅವತ್ತು, ಕ್ಯಾನಲ್ಲಿ. ಬಟ್ಟೆ ಕಟ್ಟಿದ್ದೆ, ಎಣ್ಣೆ ಹಾಕ್ಲಿಲ್ಲ.”

“ಇತ್ತಲ್ಲೇ. ಮಿಸ್ತ್ರಿ ಮೂಸಿ ನೋಡಿದ್ರಲ್ಲ?”

“ಅದು ನೀ ಆಸ್ಪತ್ರೆಲಿದ್ದಾಗ ನಾ ಸುರ್ದದ್ದು. ಟ್ಯಾಂಕಿಗೂ ಸುರ್ದೆ.”

ಅವನು ಕೊಡ ಕೆಳಗಿಟ್ಟ. ನಾನು ಏಟಿಗೆ ಕಾಯುವವಳ ಹಾಗೆ ನಿಂತಿದ್ದೆ. ಮೀನಿನವಳು ಬಂದದ್ದು, ಸೀಲು ಒಡೆಯದ ಬಾಟಲಿ ಕಂಡದ್ದು, ಫೋನ್ ಮಾಡದ್ದು, ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ, ಪ್ರಶ್ನೆ ಕೇಳಿದ.

“ಟ್ಯಾಂಕಲ್ಲಿ ಹಳೇದು ಎಷ್ಟಿತ್ತು?”

“ಅರ್ಧ.”

“ಅದನ್ನ ಮೊದಲ್ನೆ ನಾಕೈದು ಸವಾರಿ ಕುಡ್ದಿರ್ತದೆ… ಆಮೇಲೆ ನಾ ಕ್ಯಾನಿಂದ ತುಂಬ್ಸಿದೆ. ಅದಾದ ಮೇಲಿನ ಸವಾರಿ, ಏರು ಶುರುವಾಗೂವರೆಗೆ ಏನೂ ಆಗ್ಲಿಲ್ಲ…” ಕಣ್ಣು ಮುಚ್ಚಿ ಆ ಹಾದಿಯನ್ನು ಮತ್ತೆ ಹತ್ತುತ್ತಿದ್ದ. ತುಟಿ ಅಲುಗುತ್ತಿತ್ತು. ಆಮೇಲೆ ಕಣ್ಣು ತೆರೆದ. “ಹೌದೇ ಅಕ್ಕಾ! ಲೆಕ್ಕ ಅಲ್ಲಿಗೇ ಬರ್ತದೆ. ಸರಿ ಅಲ್ಲಿಗೇ ಬರ್ತದೆ!”

ಒದ್ದೆ ಟಯರಿನ ಮೇಲೆ ಕೂತುಬಿಟ್ಟ. ಹಲವು ತಿಂಗಳಿಂದ ಕಿವಿಯ ಹತ್ತಿರ ಎತ್ತಿಕೊಂಡೇ ಇದ್ದ ಅವನ ಹೆಗಲುಗಳು ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ.

“ಹಂಗಾರೆ ಇಂಜಿನ್ನಿಂದು ಎಂತದೂ ತಪ್ಪಿರ್ಲಿಲ್ಲ.”

“ಇಲ್ಲ.”

“ನಂದೂ.”

“ಇಲ್ಲ ತಮ್ಮಾ. ನಿಂದು ಎಂತದೂ ಇರ್ಲಿಲ್ಲ.”

ಮೊದಲು ಮಾಡಿದ ಕೆಲಸ ಮಿಸ್ತ್ರಿಗೆ ಫೋನ್. ಸ್ಪೀಕರಿಗೆ ಹಾಕಿದ. “ಕಾರಣ ಸಿಕ್ತು ಮಿಸ್ತ್ರಿಯವ್ರೆ!” ಎಂದು ಎಲ್ಲ ಹೇಳಿದ.

“ಬಾಯೀ,” ಎಂದು ಬಂದರಿನ ಗದ್ದಲದ ನಡುವಿನಿಂದ ಕೂಗಿದರು ಮಿಸ್ತ್ರಿ, “ನನ್ನ ಮೂಗಿಗೇ ಟೋಪಿ ಹಾಕ್ದ್ಯಲ್ಲೇ! ಇಷ್ಟು ವರ್ಷದಲ್ಲಿ ಕಳ್ಳ ಸೀಮೆಎಣ್ಣೆ ಮಾರುವವ್ರಿಗೂ ಆಗದ್ದು ನಿನ್ನಿಂದ ಆಯ್ತಲ್ಲೇ! ಪೋರಾ, ಆ ಗೋವೆಯವ ಬಂದ್ರೆ ಚಾ ಕುಡ್ಸಿ ಕಳ್ಸು. ಗಾಡಿ ಕೊಟ್ಟೆ ಅಂದ್ರೆ ನಿನ್ನ ಇನ್ನೊಂದು ಕೈ ನಾ ಮುರೀತೆ.”

ತಮ್ಮ ನಕ್ಕ. ನಾನೂ ನಕ್ಕೆ, ಅಳುತ್ತ. ಇಷ್ಟು ಸುಲಭವಾಗಿ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಗೋವೆಯವನು ಬಂದು, ಚಾ ಕುಡಿದು, ಬೇಸರ ಮಾಡಿಕೊಂಡು ಹೋದ ಮೇಲೆ ತಮ್ಮ ಚಪ್ಪರದ ಕಂಬಕ್ಕೆ ತೂಗುಹಾಕಿದ್ದ ಟಾರ್ಚನ್ನು ನೋಡುತ್ತ ನಿಂತ.

“ಮರ್ತದ್ದು ಬಿಡು,” ಎಂದ. ದನಿ ಬದಲಾಗಿತ್ತು. “ನಾ ಕಾರ್ಬುರೇಟರ್ ಎಷ್ಟು ಸಲ ಬಿಚ್ಚಿದೆ? ಇಲ್ಲದ ಕಸ ಹುಡುಕ್ತಾ ಇದ್ದೆ. ನೀ ಎಲ್ಲಾ ಗೊತ್ತಿದ್ದೂ ಟಾರ್ಚ್ ಹಿಡ್ಕಂಡು ನಿಂತಿದ್ದೆ. ‘ಸ್ವಲ್ಪ ಈ ಕಡೆ ಹಿಡಿ’ ಅಂದ್ರೆ ಈ ಕಡೆ ಹಿಡಿದೆ!”

ಎಷ್ಟೋ ದಿನ ಅವನು ನನ್ನೊಡನೆ ಬೇಕಾದಷ್ಟೇ ಮಾತಾಡಿದ. ಆದರೆ ವಿಚಿತ್ರವೆಂದರೆ, ಆ ದಿನಗಳಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ, ಊಟ ಸೇರಿತು. ಅವನ ಸಿಟ್ಟು ನನಗೆ ಸಲ್ಲಬೇಕಾದದ್ದು. ಬರಬೇಕಾದಲ್ಲಿಗೆ ಬಂದು ಮುಟ್ಟಿತ್ತು. ಅಲ್ಲಿಯವರೆಗೆ ಅವನು ಅದನ್ನು ತನ್ನ ಮೇಲೆಯೇ ಹಾಕಿಕೊಂಡು ತಿರುಗುತ್ತಿದ್ದ.

ರಾಮನಗುಳಿಗೆ ನಾನೇ ಅವನ ಜೊತೆ ಹೋದೆ. ಅವನು ಬೇಡ ಎಂದರೂ ಕೇಳಲಿಲ್ಲ. ಯಜಮಾನರ ಎದುರು ನಿಂತು, ಇವನದು ತಪ್ಪಲ್ಲ, ನನ್ನದು ಎಂದು ಹೇಳಿದೆ. ಅವರು ನಮ್ಮಿಬ್ಬರನ್ನೂ ನೋಡಿ, “ಇನ್ಮೇಲೆ ಪೆಟ್ರೋಲು ಯಾರು ಕಲಸೂದು?” ಎಂದು ಕೇಳಿದರು.

“ನಾನೇ,” ಎಂದ ತಮ್ಮ. ನನ್ನ ಮುಖ ನೋಡಲಿಲ್ಲ. ಚುರುಕ್ ಎಂದಿತು. ಆದರೂ, ಸರಿಯಾದದ್ದನ್ನೇ ಹೇಳಿದ ಎಂದು ನನಗೆ ಗೊತ್ತಿತ್ತು. ಕಾರಣ ತಿಳಿದ ಮೇಲೆ ರಿಪೇರಿಯಲ್ಲಿ ಉಳಿದಿದ್ದ ಕೊನೆಯ ಕೆಲಸ ಅದೇ.

ಹೊಸ ಪಿಸ್ಟನ್ನಿಗೂ ಸಿಲಿಂಡರಿಗೂ ಮೈ ಹೊಂದಲು ಸಮಯ ಬೇಕು. ಅದಕ್ಕಾಗಿ ತಮ್ಮ ಬಹಳ ದಿನ ಖಾಲಿ ಗಾಡಿಯನ್ನೇ ಆ ಗುಡ್ಡ ಹತ್ತಿಸಿದ. ಸ್ವಲ್ಪ ಓಡಿಸುವುದು, ತಣಿಯಲು ಬಿಡುವುದು, ಮತ್ತೆ ಸ್ವಲ್ಪ. ಯಜಮಾನರು ಒಪ್ಪಿದ ಮೇಲೆ, ಮಳೆ ಕಳೆದು ಹಾದಿ ಒಣಗಿದಾಗ, ಜನರನ್ನು ಕೂರಿಸಲು ಶುರುಮಾಡಿದ. ಮೊದಲ ದಿನ ನಾನೂ ಹೋಗಿದ್ದೆ. ಅಡುಗೆಮನೆಯಲ್ಲಿ ಕಾಯಿ ತುರಿಯಲು ಜನ ಬೇಕಿತ್ತು.

ದಾವಣಗೆರೆ ಕಡೆಯಿಂದ ಬಂದಿದ್ದ ಒಬ್ಬ ಮಧ್ಯವಯಸ್ಸಿನ ಹೆಂಗಸು ಹಿಂದೆ ಹತ್ತಿದಳು. ಗಾಡಿ ಹೊರಟಿತು. ನಾನು ಕಾಯಿ ತುರಿಯುತ್ತ ಕೇಳುತ್ತಿದ್ದೆ. ಸದ್ದು ಮರಗಳ ನಡುವೆ ಏರಿತು, ಏರು ಬಂದಲ್ಲಿ ದಪ್ಪವಾಯಿತು, ಆಮೇಲೆ ಗುಡ್ಡದ ಆಚೆ ಹೋಗಿ ಕೇಳಿಸದಾಯಿತು. ನನ್ನ ಕೈ ನಿಂತಿತ್ತು. ಪಕ್ಕದವಳು ಎರಡು ಸಲ ಹೇಳಿದ ಮೇಲೆ ಮತ್ತೆ ತುರಿದೆ.

ಸದ್ದು ಮರಳಿ ಬಂತು. ಅಂಗಳದಲ್ಲಿ ಹೆಂಗಸು ಇಳಿದು, ಕೂದಲು ಸರಿಮಾಡಿಕೊಳ್ಳುತ್ತ, ಮಕ್ಕಳ ಹಾಗೆ ನಗುತ್ತ ತನ್ನವರ ಹತ್ತಿರ ಓಡಿದಳು. ತಮ್ಮ ಹೆಲ್ಮೆಟ್ ತೆಗೆದು ಅಡುಗೆಮನೆಯ ಬಾಗಿಲಿಗೆ ಬಂದ.

“ಅಕ್ಕಾ, ನೀರು ಕೊಡೆ. ಆ ಬಾಯಿ ಹತ್ತುವಾಗಿಂದ ಇಳಿಯೂವರೆಗೆ ನನ್ನ ಕಿವಿಲೇ ಕೂಗ್ತೇ ಇತ್ತು, ಅಯ್ಯಯ್ಯೋ ಹೊಳೆ, ಅಯ್ಯಯ್ಯೋ ನವಿಲು! ಕಿವಿ ತೂತಾಯ್ತು. ಆಮೇಲೆ ತನ್ನ ಅತ್ತೆ ಕತೆ ತೆಗೀತು ನೋಡು, ಆ ಅತ್ತೆ ಎಂತಾ ಕಿಲಾಡಿ ಅಂದ್ರೆ…” ಅತ್ತೆಯ ಕತೆಯನ್ನು ಅರ್ಧ ಹೇಳಿ, ತಾನೇ ನಕ್ಕು, ನೀರು ಕುಡಿದ.

“ಇಂಜಿನ್ ಹ್ಯಾಂಗಿತ್ತೋ?” ಎಂದು ಕೇಳಿದೆ.

ಅವನು ಚೊಂಬು ಬಾಯಿಯಿಂದ ತೆಗೆದು ನನ್ನನ್ನೇ ನೋಡಿದ.

“ಇಂಜಿನ್ನಾ?” ಎಂದ. “ಲಕ್ಷ್ಯವೇ ಕೊಡ್ಲಿಲ್ಲ ಮಾರಾಯ್ತಿ.”